ಕೆರೆ ತುಂಬಿದ ಊರಿನಲ್ಲಿ ಕಥೆ ಎಲ್ಲಿಂದ ಶುರು?

ನಿವೃತ್ತಿಯ ಮೇಲೆ ಮೊದಲ ಕಾದಂಬರಿಗೆ ಕೂತವರ ಪತ್ರಗಳು ಪುಸ್ತಕ ವಿಭಾಗಕ್ಕೆ ಆಗಾಗ ಬರುತ್ತವೆ. ಈ ಸಂಚಿಕೆಗೆ ಕೋಲಾರ ಜಿಲ್ಲೆಯ ಪತ್ರಗಳನ್ನು ಆರಿಸಿದ್ದೇವೆ. ಎಲ್ಲರೂ ಬರೆಯುತ್ತಿರುವುದು ಒಂದೇ ಬಗೆಯ ಪುಸ್ತಕ: ಮುಂದೊಂದು ದಿನ ನಮ್ಮ ಊರು ಹೀಗಿರಬೇಕು ಎಂದು ಕಟ್ಟಿ ತೋರಿಸುವ ಆದರ್ಶ ಸಮಾಜದ ಕಾದಂಬರಿ. ಬರವಣಿಗೆ, ಅಚ್ಚು, ಒಪ್ಪಂದ ಈ ಮೂರನ್ನೂ ಬಲ್ಲವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದೆ. 2075ರಲ್ಲಿ ನಮ್ಮ ಊರು ಹೇಗಿರುತ್ತದೆ ಎಂದು 180 ಪುಟ ಬರೆದಿದ್ದೇನೆ. ಬೆಂಗಳೂರಿನಿಂದ ಬಂದ ಯುವಕನೊಬ್ಬನಿಗೆ ಊರಿನ ಹಿರಿಯರು ಕೆರೆ, ಶಾಲೆ, ಸಹಕಾರ ಸಂಘ, ಪಂಚಾಯಿತಿ ಎಲ್ಲವನ್ನೂ ತೋರಿಸುತ್ತಾ ಹೋಗುತ್ತಾರೆ. ಓದಿದ ಗೆಳೆಯರು, ‘ವಿಷಯ ಚೆನ್ನಾಗಿದೆ, ಆದರೆ ಯೋಜನಾ ವರದಿ ಓದಿದ ಹಾಗಾಯಿತು’ ಎಂದರು. ಎಲ್ಲಿ ತಪ್ಪಿದೆ?
– ನಿವೃತ್ತ ಶಿಕ್ಷಕರು, ಮುಳಬಾಗಿಲು ತಾಲ್ಲೂಕು

ಉತ್ತರ: ಮೇಷ್ಟ್ರೇ, ನಿಮ್ಮ ಊರಿನಲ್ಲಿ ಯಾರಿಗೂ ಯಾವ ಕೊರತೆಯೂ ಇಲ್ಲ, ಕಥೆ ಓಡದಿರುವುದು ಅದಕ್ಕೇ. ಪಂಪನ ಆದಿಪುರಾಣವನ್ನು ಈ ಪ್ರಶ್ನೆ ಇಟ್ಟುಕೊಂಡು ಮತ್ತೊಮ್ಮೆ ತೆರೆಯಿರಿ. ಭೋಗಭೂಮಿಯಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು ಊಟ, ಉಡಿಗೆ, ಬೆಳಕು, ಮನೆ ಎಲ್ಲವನ್ನೂ ಕೊಡುತ್ತಿದ್ದವು. ಅಲ್ಲಿ ವರ್ಣನೆಗೆ ಜಾಗವಿದೆ, ನಡೆಯುವುದು ಏನೂ ಇಲ್ಲ. ಆ ಮರಗಳ ಶಕ್ತಿ ಕುಂದತೊಡಗಿದಾಗ ಜನ ಕಂಗೆಟ್ಟು ಕುಲಕರರ, ಅಂದರೆ ದಾರಿ ತೋರುವ ಹಿರಿಯರ, ಬಳಿ ಹೋಗುತ್ತಾರೆ. ಕೊನೆಯ ಕುಲಕರ ನಾಭಿರಾಜನ ಮಗ ಆದಿದೇವ ಅಸಿ (ಕತ್ತಿ), ಮಸಿ (ಬರವಣಿಗೆ), ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕಸುಬುಗಳನ್ನು ಕಲಿಸಬೇಕಾಗುತ್ತದೆ. ಮನುಷ್ಯರು ಮನುಷ್ಯರಾಗಿ ಕಾಣಿಸುವುದು ಅಲ್ಲಿಂದ. ನಿಮ್ಮ ಕಾದಂಬರಿಯನ್ನೂ ತುಂಬಿದ ಕೆರೆಯ ನೀರು ಯಾರಿಗೋ ಸಾಲದೆ ಹೋದ ದಿನದಿಂದ ಶುರು ಮಾಡಿ.

ಹೊರಗಿನವನೊಬ್ಬ ಬಂದು ಎಲ್ಲವನ್ನೂ ನೋಡುವ ತಂತ್ರ ಬಹಳ ಹಳೆಯದು. 1516ರಲ್ಲಿ ಥಾಮಸ್ ಮೋರ್ ಲ್ಯಾಟಿನ್ ಭಾಷೆಯಲ್ಲಿ ಬರೆದ ‘ಯುಟೋಪಿಯಾ’ದಲ್ಲೂ ಸಮುದ್ರಯಾನಿಯೊಬ್ಬ ದ್ವೀಪದ ವರದಿ ಒಪ್ಪಿಸುತ್ತಾನೆ. ಆದರೆ ಆ ಪುಸ್ತಕದ ಮೊದಲ ಭಾಗದ ತುಂಬ ಅಂದಿನ ಇಂಗ್ಲೆಂಡಿನ ಸಂಕಟವಿದೆ. ಕುರಿ ಮೇಯಿಸಲು ಹೊಲಗಳಿಗೆ ಬೇಲಿ ಬಿದ್ದು ರೈತರು ಬೀದಿಗೆ ಬಂದದ್ದು, ಹೊಟ್ಟೆಗಿಲ್ಲದೆ ಕದ್ದವರನ್ನು ಗಲ್ಲಿಗೇರಿಸಿದ್ದು ಎಲ್ಲ ಬರುತ್ತದೆ. ಅದನ್ನು ಓದಿ ಸಿಟ್ಟು ಬಂದವನಿಗೆ ದ್ವೀಪದ ಮಾತು ಕೇಳುವ ಆಸೆ ಹುಟ್ಟುತ್ತದೆ. ಬಂಗಾಳದ ಲೇಖಕಿ ರೊಕೆಯಾ ಸಖಾವತ್ ಹುಸೇನ್ 1905ರಲ್ಲಿ ಪ್ರಕಟಿಸಿದ ‘ಸುಲ್ತಾನಾಸ್ ಡ್ರೀಮ್’ ಕೂಡ ಕನಸಿನ ಸುತ್ತಾಟವೇ. ಹೆಂಗಸರು ನಾಡು ಆಳುತ್ತಾರೆ, ಗಂಡಸರು ಒಳಮನೆಯಲ್ಲಿರುತ್ತಾರೆ, ಅಡುಗೆ ಬಿಸಿಲಿನ ಶಾಖದಲ್ಲಿ ಆಗುತ್ತದೆ. ಅದು ಕೆಲವೇ ಪುಟಗಳ ಕಥೆಯಾದ್ದರಿಂದ ಸುತ್ತಾಟ ಬೇಸರ ತರಿಸುವುದಿಲ್ಲ. 180 ಪುಟ ಯಾರನ್ನೂ ಹಾಗೆ ಕೈಹಿಡಿದು ಸುತ್ತಿಸಲಾಗದು.

ಬೆಂಗಳೂರಿನ ಯುವಕನನ್ನು ಕೈಬಿಡಿ. ಊರೊಳಗಿನವರೇ ಒಬ್ಬರು ಕಥೆ ಹೊರಲಿ. ನಿಮ್ಮ ಸೀಮೆಗೆ ನೀರುಗಂಟಿಗಿಂತ ಒಳ್ಳೆಯ ಪಾತ್ರ ಸಿಗುವುದು ಕಷ್ಟ. ತೂಬು ತೆಗೆದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಮೇಲೆ ನೀರು ಹಾಯಿಸುತ್ತಿದ್ದವರು ಅವರು. ಎಷ್ಟೋ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದು, ಕೂಲಿಯಾಗಿ ಕಾಳಿನ ಪಾಲು ಸಿಗುತ್ತಿತ್ತು. ಜಾತಿ ಅಳಿದ ನಿಮ್ಮ 2075ರ ಊರಿನಲ್ಲಿ ನಡುರಾತ್ರಿ ತೂಬಿನ ಬಳಿ ಹೋಗುವವರು ಯಾರು? ಸರದಿ ಹಾಕಿಕೊಂಡಿದ್ದರೆ, ತನ್ನ ಸರದಿಯ ದಿನ ಒಬ್ಬ ಬರಲಿಲ್ಲ ಎನ್ನಿ, ಅವನನ್ನು ಏನು ಮಾಡುತ್ತಾರೆ? ನೀರು ಹಂಚುವುದನ್ನು ಹುಟ್ಟಿನಿಂದ ಬಲ್ಲ ಮನೆತನದ ಮುದುಕಿಯೊಬ್ಬಳು, ‘ಈಗ ಎಲ್ಲರೂ ಮಾಡುತ್ತಾರೆ, ಯಾರಿಗೂ ಬರುವುದಿಲ್ಲ’ ಎಂದರೆ ಅವಳಿಗೆ ಊರು ಏನು ಹೇಳುತ್ತದೆ? ಆದರ್ಶ ಊರನ್ನು ಓದುಗ ಅಳೆಯುವುದು ಕೊಳಕು ಕೆಲಸ, ಭಾರದ ಕೆಲಸ ಯಾರ ಹೆಗಲಿಗೆ ಬಿತ್ತು ಎಂಬುದರಿಂದ. ಮೋರ್ ಕೂಡ ಇಲ್ಲಿ ಸೋತ. ಅವನ ದ್ವೀಪದಲ್ಲಿ ದಿನಕ್ಕೆ ಆರೇ ಗಂಟೆ ದುಡಿಮೆ, ಆದರೆ ಪ್ರಾಣಿ ಕೊಯ್ಯುವ ಕೆಲಸ ಗುಲಾಮರದು. ಐದು ಶತಮಾನ ಕಳೆದರೂ ಓದುಗರು ಆ ಸಾಲಿಗೆ ಬಂದಾಗ ತಡವರಿಸುತ್ತಾರೆ.

ನಮ್ಮ ಕೆರೆಗಳು ಸರಪಳಿಯಲ್ಲಿವೆ ಎಂಬುದನ್ನೂ ಬಳಸಿಕೊಳ್ಳಿ. ಮೇಲಿನ ಕೆರೆ ಕೋಡಿ ಬಿದ್ದರೆ ಮಾತ್ರ ಕೆಳಗಿನ ಕೆರೆಗೆ ನೀರು. ನಿಮ್ಮ ಊರಿನವರು ಕೆರೆಯ ಹೂಳು ತೆಗೆದು, ಕೋಡಿ ಎತ್ತರಿಸಿ, ಹನಿ ನೀರೂ ಹೊರಹೋಗದಂತೆ ಮಾಡಿದರೆ ಕೆಳಗಿನ ಊರು ಒಣಗುತ್ತದೆ. ಒಬ್ಬರ ಆದರ್ಶ ಇನ್ನೊಬ್ಬರ ಬರವಾಗುವ ಈ ಒಂದು ಸಂಗತಿಯೇ ಕಾದಂಬರಿಗೆ ಬೆನ್ನೆಲುಬಾಗಬಲ್ಲದು.

ತಿದ್ದುವ ಕ್ರಮ ಹೀಗೆ. ಹಸ್ತಪ್ರತಿಯಲ್ಲಿ ಅರ್ಧ ಪುಟಕ್ಕೂ ಮೀರಿದ ವಿವರಣೆ ಇರುವ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆಯಿರಿ. ‘ನಮ್ಮಲ್ಲಿ ಈಗ...’ ಎಂದು ಶುರುವಾಗುವ ಸಂಭಾಷಣೆಗೂ ಕೆಂಪು. ಆ ಭಾಗಗಳನ್ನು ಬೇರೆ ನೋಟ್‌ಬುಕ್ಕಿಗೆ ಎತ್ತಿ ಬರೆದು, ಶಾಲೆಗೊಂದು, ಸಂಘಕ್ಕೊಂದು, ಕೆರೆಗೊಂದು ಎಂದು ವಿಂಗಡಿಸಿ. ಆಮೇಲೆ ಪ್ರತಿಯೊಂದಕ್ಕೂ ಒಂದು ಸನ್ನಿವೇಶ ಬರೆಯಿರಿ. ಆ ಸನ್ನಿವೇಶದಲ್ಲಿ ಆ ವ್ಯವಸ್ಥೆ ಯಾರಿಗೋ ಒಬ್ಬರಿಗೆ ಒದಗದೆ ಹೋಗಬೇಕು. ಸನ್ನಿವೇಶ ಅರ್ಥವಾಗಲು ಎಷ್ಟು ವಿವರ ಬೇಕೋ ಅಷ್ಟನ್ನು ಮಾತ್ರ ನೋಟ್‌ಬುಕ್ಕಿನಿಂದ ವಾಪಸು ತನ್ನಿ. 180 ಪುಟದಲ್ಲಿ 70–80 ಪುಟ ಉದುರಬಹುದು. ಹೆದರಬೇಡಿ, ಸನ್ನಿವೇಶಗಳು ಆ ಜಾಗ ತುಂಬುತ್ತವೆ. ಕಾಲವನ್ನೂ ಕಿರಿದಾಗಿಸಿ. ಐವತ್ತು ವರ್ಷದ ಚರಿತ್ರೆ ಹೇಳುವ ಬದಲು ಮುಂಗಾರು ಕೈಕೊಟ್ಟ ಒಂದೇ ವರ್ಷವನ್ನು, ಯುಗಾದಿಯಿಂದ ಸಂಕ್ರಾಂತಿಯವರೆಗೆ, ಹಿಡಿದರೆ ಸಾಕು.

ಪ್ರಶ್ನೆ: ನಾನು ಎಂಜಿನಿಯರ್ ಆಗಿದ್ದವನು. ಕಾದಂಬರಿಯ ಊರು ತನ್ನ ನೀರು, ತನ್ನ ಅನ್ನ ತಾನೇ ನೋಡಿಕೊಳ್ಳುತ್ತದೆ. ಇದಕ್ಕೆ ಲೆಕ್ಕ ಎಷ್ಟು ಬೇಕು? ಕಥೆಯಲ್ಲಿ ಅಂಕಿ ಹಾಕಿದರೆ ಓದುಗರು ಓಡುವುದಿಲ್ಲವೇ?
– ಮಾಲೂರು

ಉತ್ತರ: ಲೆಕ್ಕ ಪೂರ್ತಿ ಬೇಕು, ಪುಟದ ಮೇಲೆ ಬಹಳ ಕಡಿಮೆ ಕಾಣಬೇಕು. ಲೆಕ್ಕ ಹಾಕದೆ ಬರೆದ ಊರಿನಲ್ಲಿ ಭತ್ತ, ಕಬ್ಬು, ಮಾವು ಎಲ್ಲ ಒಟ್ಟಿಗೆ ಬೆಳೆದುಬಿಡುತ್ತವೆ. ಕೋಲಾರದ ಓದುಗನಿಗೆ ಅಲ್ಲೇ ನಂಬಿಕೆ ಹೋಗುತ್ತದೆ.

ಒಂದು ಮಾದರಿ ನೋಡಿ. 400 ಮನೆ, 2,000 ಜನ. ಜಲಜೀವನ್ ಮಿಷನ್ ಅಳತೆಯಂತೆ ತಲೆಗೆ ದಿನಕ್ಕೆ 55 ಲೀಟರ್ ಹಿಡಿದರೆ ದಿನಕ್ಕೆ 1.1 ಲಕ್ಷ, ವರ್ಷಕ್ಕೆ ಸುಮಾರು 4 ಕೋಟಿ ಲೀಟರ್. ಕೆರೆಯ ನೀರಿನ ಹರವು 40 ಎಕರೆ, ಸರಾಸರಿ ಆಳ 5 ಅಡಿ ಎನ್ನಿ. 200 ಎಕರೆ-ಅಡಿ ಆಯಿತು (ಒಂದು ಎಕರೆಯಲ್ಲಿ ಒಂದು ಅಡಿ ನಿಂತ ನೀರು ಒಂದು ಎಕರೆ-ಅಡಿ). ಎಕರೆ-ಅಡಿಗೆ 12.3 ಲಕ್ಷ ಲೀಟರಿನಂತೆ ಸುಮಾರು 24.6 ಕೋಟಿ ಲೀಟರ್. ಕಾಗದದ ಮೇಲೆ ಇದು ಆರು ವರ್ಷದ ಕುಡಿಯುವ ನೀರು. ಆದರೆ ಬಯಲುಸೀಮೆಯ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಹೆಚ್ಚುಕಡಿಮೆ 5 ಅಡಿ ಆವಿಯಾಗುತ್ತದೆ. ಅಂದರೆ ಯಾರೂ ಮುಟ್ಟದಿದ್ದರೂ ಈ ಕೆರೆ ಮುಂದಿನ ವರ್ಷಕ್ಕೆ ಬರಿದು. ತುಂಬಿದ ನೀರನ್ನು ಕಾಪಾಡಿ ಇಡುತ್ತೇವೆ ಎನ್ನುವ ಪಾತ್ರ ನಿಮ್ಮ ಕಾದಂಬರಿಯಲ್ಲಿದ್ದರೆ ಅದು ತಪ್ಪು ಹೇಳುತ್ತಿದೆ. ನೀರನ್ನು ಬೇಗ ನೆಲಕ್ಕೆ ಇಂಗಿಸಬೇಕು, ಇಲ್ಲವೇ ಬೇಗ ಬೆಳೆಗೆ ಬಿಡಬೇಕು. ಯಾವುದು ಮೊದಲು ಎಂಬ ಜಗಳ ನಿಮಗೆ ಸಿದ್ಧವಾಗಿ ಸಿಕ್ಕಿತು.

ಅನ್ನದ ಲೆಕ್ಕವೂ ಹೀಗೆಯೇ. ತಲೆಗೆ ವರ್ಷಕ್ಕೆ ಒಂದೂವರೆ ಕ್ವಿಂಟಲ್ ಕಾಳು ಎಂದರೆ 3,000 ಕ್ವಿಂಟಲ್. ಮಳೆಯಾಶ್ರಯದ ರಾಗಿ ಎಕರೆಗೆ ಏಳೆಂಟು ಕ್ವಿಂಟಲ್ ಬಂದರೂ 400 ಎಕರೆ ರಾಗಿಗೇ ಹೋಯಿತು. ಅದೂ ಮಳೆ ಆದ ವರ್ಷ. ಭತ್ತ ಬೇಕೆಂದರೆ ಎಕರೆಗೆ ಸುಮಾರು 48 ಲಕ್ಷ ಲೀಟರ್ ನೀರು, ರಾಗಿಗೆ ಅದರ ಮೂರನೇ ಒಂದು ಪಾಲು. ಕೆರೆಯ ಅಷ್ಟೂ ನೀರು ಬಿಟ್ಟರೂ ಸುಮಾರು 50 ಎಕರೆ ಭತ್ತಕ್ಕಷ್ಟೇ ಸಾಲುತ್ತದೆ. ಮದುವೆಗೆ ಮಾತ್ರ ಅನ್ನ ಎಂಬ ನಿಯಮ ಆ ಊರಿನಲ್ಲಿ ಯಾಕೆ ಬಂತು ಎಂದು ನೀವು ವಿವರಿಸಬೇಕಾಗಿಲ್ಲ. ಮಗುವೊಂದು ಅನ್ನಕ್ಕಾಗಿ ಹಟ ಮಾಡಿದರೆ ಓದುಗರಿಗೇ ಹೊಳೆಯುತ್ತದೆ.

ಇನ್ನೊಂದು ಮಾತು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅದು ಅಂತರ್ಜಲಕ್ಕೆಂದು ತಂದ ನೀರು, ನೇರವಾಗಿ ಕುಡಿಯಲು ಅಲ್ಲ. ನಿಮ್ಮ ಕಥೆ ಯಾವ ವರ್ಷದಲ್ಲಿ ನಡೆದರೂ ಆ ನೀರು ಇನ್ನೂ ಬರುತ್ತಿದೆಯೇ, ನಿಂತಿತೇ, ಎಷ್ಟು ಶುದ್ಧವಾಯಿತು ಎಂಬುದನ್ನು ನಿರ್ಧರಿಸಿಕೊಳ್ಳಿ. ಬಿಟ್ಟುಬಿಟ್ಟರೆ ಇಲ್ಲಿಯವರು ಮೊದಲು ಕೇಳುವುದು ಅದನ್ನೇ.

ಈ ಲೆಕ್ಕಗಳನ್ನೆಲ್ಲ ನಾಲ್ಕು ಹಾಳೆಯಲ್ಲಿ ಬರೆದು ಮೇಜಿನ ಎದುರಿನ ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಪಾತ್ರಗಳ ಹುಟ್ಟಿದ ವರ್ಷದ ಪಟ್ಟಿ ಇರಲಿ. 2040ರಲ್ಲಿ ಹುಟ್ಟಿದವಳು 2075ರಲ್ಲಿ ಮೊಮ್ಮಕ್ಕಳಿಗೆ ಕಥೆ ಹೇಳುವಂಥ ಎಡವಟ್ಟು ಭವಿಷ್ಯದ ಕಾದಂಬರಿಗಳಲ್ಲಿ ಸುಲಭವಾಗಿ ನುಸುಳುತ್ತದೆ.

ಪ್ರಶ್ನೆ: 2050ರ ಕೆಜಿಎಫ್ ನನ್ನ ವಸ್ತು. ಸೈನೈಡ್ ದಿಬ್ಬಗಳು ಹಸಿರಾಗಿವೆ, ಗಣಿ ಕಾರ್ಮಿಕರ ಮೊಮ್ಮಕ್ಕಳೇ ಊರನ್ನು ನಡೆಸುತ್ತಾರೆ. ಊರಿನ ನಿಜವಾದ ಹೆಸರು ಇಡಬಹುದೇ? ಪಾತ್ರಗಳು ತಮಿಳು, ತೆಲುಗು ಆಡುವುದನ್ನು ಕನ್ನಡ ಕಾದಂಬರಿಯಲ್ಲಿ ಹೇಗೆ ತರಲಿ?
– ನಿವೃತ್ತ ನರ್ಸ್, ರಾಬರ್ಟ್‌ಸನ್‌ಪೇಟೆ

ಉತ್ತರ: ಹೆಸರು ಇಡಿ ಮೇಡಂ. ಊರಿನ ಹೆಸರಿಗೆ ಯಾರ ಅಪ್ಪಣೆಯೂ ಬೇಡ. ಹಾಗೆ ಇಟ್ಟ ಮೇಲೆ ಹಳೆಯದೆಲ್ಲ ಸರಿಯಾಗಿರಬೇಕು: ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ, ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಮುಚ್ಚಿದ ಗಣಿಯಲ್ಲಿ ನೀರು ತುಂಬಿದೆ, ಆದ್ದರಿಂದ 2050ರಲ್ಲಿ ಕೆಳಗಿಳಿಯುವ ಪಾತ್ರವಿದ್ದರೆ ಆ ನೀರನ್ನು ಮೊದಲು ಎಲ್ಲಿಗೆ ಎತ್ತಿ ಹಾಕಿದರು ಎಂದು ಹೇಳಬೇಕಾಗುತ್ತದೆ. ದಿಬ್ಬ ಹಸಿರಾಗುವುದೂ ಗಿಡ ನೆಟ್ಟಷ್ಟು ಸುಲಭವಲ್ಲ. ಅದು ಅದಿರು ಅರೆದು ಉಳಿದ ನುಣುಪು ಹುಡಿ, ಸತ್ವ ಕಡಿಮೆ, ಗಾಳಿಗೆ ಏಳುತ್ತದೆ. ಮೊದಲು ಹುಲ್ಲು, ಗೊಬ್ಬರ, ಮಣ್ಣಿನ ಹೊದಿಕೆ, ಆಮೇಲೆ ಗಿಡ. ಈ ಕೆಲಸಕ್ಕೆ ಒಂದು ತಲೆಮಾರು ಕೊಡಿ. ನಿಮ್ಮ ಕಾದಂಬರಿಯ ಅತ್ಯುತ್ತಮ ಅಧ್ಯಾಯ ಅಲ್ಲೇ ಇರಬಹುದು.

ಭಾಷೆಯ ವಿಷಯ: ತಮಿಳು, ತೆಲುಗು ಮಾತನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಒಂದು ಸಲಕ್ಕೆ ನಾಲ್ಕೈದು ಪದ ಮೀರದಿರಲಿ. ಅಡಿಟಿಪ್ಪಣಿ ಬೇಡ, ಎದುರಿನವರ ಉತ್ತರದಲ್ಲೇ ಅರ್ಥ ಹೊರಬರಲಿ. ಬೈಗುಳ, ಲಾಲಿ, ಕರೆಯುವ ಮಾತು ಇವು ಮೂಲ ಭಾಷೆಯಲ್ಲಿದ್ದರೆ ಚೆಂದ. ವಾದ, ನಿರ್ಧಾರ, ದುಃಖದ ಮಾತು ಕನ್ನಡದಲ್ಲಿರಲಿ. ಎಲ್ಲ ಪಾತ್ರಗಳಿಗೂ ಗ್ರಾಂಥಿಕ ಕನ್ನಡ ಕೊಟ್ಟರೆ ಅದು ಕೆಜಿಎಫ್ ಆಗಿ ಉಳಿಯುವುದಿಲ್ಲ.

ಎಚ್ಚರಿಕೆ ಬೇಕಾದದ್ದು ಜನರ ವಿಷಯದಲ್ಲಿ. ಗುರುತು ಹತ್ತುವಂತೆ ನಿಜವಾದ ವ್ಯಕ್ತಿಯನ್ನು ಕೆಟ್ಟವನಾಗಿ ಚಿತ್ರಿಸಿದರೆ, ‘ಇದು ಕಾಲ್ಪನಿಕ’ ಎಂಬ ಮೊದಲ ಪುಟದ ಸಾಲೊಂದೇ ಕಾಪಾಡುವುದಿಲ್ಲ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ತೀರಿಹೋದವರ ಮೇಲಿನ ಆರೋಪವೂ ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾದರೆ ಅದರೊಳಗೆ ಬರುತ್ತದೆ. ನರ್ಸ್ ಆಗಿ ನಿಮಗೆ ಗೊತ್ತಾದ ರೋಗಿಗಳ ಸಂಗತಿಯನ್ನಂತೂ ಹೆಸರು, ಕಾಯಿಲೆ, ಬೀದಿ ಮೂರೂ ಬದಲಿಸದೆ ಮುಟ್ಟಬೇಡಿ.

ಪ್ರಶ್ನೆ: ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕಳಿಸುವ ಮೊದಲು ಕಾಪಿರೈಟ್ ನೋಂದಣಿ ಮಾಡಿಸಲೇಬೇಕೇ? ನನ್ನ ಆದರ್ಶ ಊರಿನ ಕಲ್ಪನೆಯನ್ನು ಕದ್ದರೆ?
– ಕೋಲಾರ ನಗರ

ಉತ್ತರ: ಕಡ್ಡಾಯವಲ್ಲ. ಬರೆದ ಕ್ಷಣದಿಂದ ಹಕ್ಕು ನಿಮ್ಮದು, ನಿಮ್ಮ ನಂತರವೂ 60 ವರ್ಷ ಉಳಿಯುತ್ತದೆ. ಸಾಕ್ಷ್ಯ ಬೇಕೆನಿಸಿದರೆ 500 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಬಹುದು. ಕಾನೂನು ರಕ್ಷಿಸುವುದು ನೀವು ಬರೆದ ವಾಕ್ಯಗಳನ್ನು, ಪಾತ್ರಗಳನ್ನು. ‘ಬಡ್ಡಿಯಿಲ್ಲದ ಊರು’ ಎಂಬ ಬರಿಯ ಕಲ್ಪನೆ ಯಾರ ಸ್ವತ್ತೂ ಅಲ್ಲ.

ಪ್ರಶ್ನೆ: ನೋಟ್‌ಬುಕ್ಕುಗಳಲ್ಲಿ ಕೈಬರಹದಲ್ಲಿದೆ. ಕಣ್ಣಿನ ತೊಂದರೆಯಿಂದ ಕಂಪ್ಯೂಟರ್ ಮುಂದೆ ಹೆಚ್ಚು ಹೊತ್ತು ಕೂರಲಾಗದು. ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಲು, ಕೊಟ್ಟಿದ್ದೆ, ತುಂಬ ತಪ್ಪು ಬಂದಿದೆ. ಏನು ಮಾಡಲಿ?
– ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ಶ್ರೀನಿವಾಸಪುರ

ಉತ್ತರ: ಡಿಟಿಪಿಯವರನ್ನು ಮೊದಲು ಕೇಳಬೇಕಾದದ್ದು: ಯೂನಿಕೋಡ್‌ನಲ್ಲಿ ಮಾಡುತ್ತೀರೋ, ಹಳೆಯ ನುಡಿ ಫಾಂಟಿನಲ್ಲೋ? ಯೂನಿಕೋಡ್ ಎಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುವ ಅಕ್ಷರ ವ್ಯವಸ್ಥೆ. ಹಳೆಯ ಫಾಂಟಿನ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಜಾಗ ಬದಲಿಸುತ್ತದೆ, ಒತ್ತಕ್ಷರ ಬಿಡಿಯಾಗುತ್ತದೆ, ನಡುವೆ ಇದ್ದ ಅಂಕಿಗಳು ಏನೇನೋ ಆಗುತ್ತವೆ. ಇ-ಪುಸ್ತಕಕ್ಕೂ ಮುಂದಿನ ಮುದ್ರಣಕ್ಕೂ ಯೂನಿಕೋಡ್ ಕಡತವೇ ಬೇಕು, ಆದ್ದರಿಂದ ಶುರುವಿನಿಂದ ಅದರಲ್ಲೇ ಮಾಡಿಸಿ. ಪುಟವಿನ್ಯಾಸ ಇನ್‌ಡಿಸೈನ್‌ನಲ್ಲಾದರೆ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿಕೊಳ್ಳಲು ಹೇಳಿ. ಅದಿಲ್ಲದಿದ್ದರೆ ಒತ್ತಕ್ಷರಗಳು ಒಡೆಯುತ್ತವೆ.

ಕನ್ನಡ ಡಿಟಿಪಿಯಲ್ಲಿ ತಪ್ಪುಗಳು ಗುಂಪಾಗಿ ಬರುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತುವುದು ಅತಿ ಸಾಮಾನ್ಯ. ಕಣ್ಣಿಗೆ ಒಂದೇ ಥರ ಕಂಡರೂ ಹುಡುಕುವಾಗ ಪದ ಸಿಗುವುದಿಲ್ಲ, ಸಾಲಿನ ಕೊನೆಯಲ್ಲಿ ಪದ ತುಂಡಾಗುತ್ತದೆ. ಸೊನ್ನೆಯನ್ನು ಹುಡುಕಿ ಬದಲಿಸಿದರೆ ಒಂದೇ ಏಟಿಗೆ ನೂರಾರು ತಪ್ಪು ಸರಿಯಾಗುತ್ತವೆ, ನಿಜವಾದ ಅಂಕಿಗಳನ್ನು ಮಾತ್ರ ನೋಡಿಕೊಳ್ಳಬೇಕು. ವಿಸರ್ಗದ ಬದಲು ಎರಡು ಚುಕ್ಕಿ, ಅ-ಹ ಅದಲುಬದಲು, ಅಲ್ಪಪ್ರಾಣ-ಮಹಾಪ್ರಾಣ, ನ-ಣ, ಲ-ಳ ಇವು ಉಳಿದವು. ಕೈಬರಹ ಕೊಡುವಾಗ ಹಾಳೆಯ ಒಂದೇ ಮಗ್ಗುಲಿಗೆ, ಸಾಲು ಬಿಟ್ಟು ಬರೆದು, ಪುಟಸಂಖ್ಯೆ ಹಾಕಿ. ಪಾತ್ರ, ಊರು, ನೀವೇ ಕಟ್ಟಿದ ಹೊಸ ಪದಗಳು, ಇವುಗಳ ಸರಿಯಾದ ಕಾಗುಣಿತದ ಒಂದು ಹಾಳೆ ಮೇಲಿರಲಿ. ಆದರ್ಶ ಊರಿನ ಕಾದಂಬರಿಯಲ್ಲಿ ಹೊಸ ಸಭೆ, ಹೊಸ ಹುದ್ದೆಗಳ ಹೆಸರು ಬಹಳ ಇರುತ್ತವೆ. ಒಂದೇ ಸಭೆಗೆ ಮೂರು ಕಾಗುಣಿತ ಬಂದರೆ ಮೂರು ಸಭೆಗಳೆಂದು ಓದುಗರು ತಿಳಿಯುತ್ತಾರೆ.

ಮೊದಲ ಪ್ರೂಫನ್ನು (ತಿದ್ದಲು ಕೊಡುವ ಕರಡಚ್ಚನ್ನು) ಇಬ್ಬರು ಸೇರಿ ನೋಡಿ. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪ್ರೂಫಿನಲ್ಲಿ ಗುರುತು ಹಾಕಲಿ. ನಿಮ್ಮ ಕಣ್ಣಿಗೂ ಇದೇ ಅನುಕೂಲ, ಓದುವ ಕೆಲಸ ಮನೆಯ ಮಕ್ಕಳಿಗೆ ಕೊಡಿ. ಪ್ರೂಫನ್ನು 16 ಪಾಯಿಂಟಿನಲ್ಲಿ ಮುದ್ರಿಸಿ ಕೊಡಲು ಕೇಳಬಹುದು. ಎರಡನೆಯ ಪ್ರೂಫಿನಲ್ಲಿ, ಹೇಳಿದ ತಿದ್ದುಪಡಿ ಆಗಿದೆಯೇ ಎಂಬುದರ ಜೊತೆಗೆ ಅದರ ಹಿಂದುಮುಂದಿನ ಸಾಲನ್ನೂ ನೋಡಿ, ತಿದ್ದುವಾಗ ಹೊಸ ತಪ್ಪು ಹುಟ್ಟುವುದು ಅಲ್ಲಿಯೇ. ಮೂರನೆಯದನ್ನು ಪುಸ್ತಕವನ್ನು ಒಮ್ಮೆಯೂ ಓದದ ಹೊಸಬರಿಗೆ ಕೊಡಿ. ಮೊಬೈಲಿನ ಧ್ವನಿ ಟೈಪಿಂಗ್ ಮೊದಲ ಕರಡಿಗೆ ಒಳ್ಳೆಯ ಸಹಾಯ. ಆದರೆ ವಿರಾಮ ಚಿಹ್ನೆ ತಪ್ಪುತ್ತವೆ, ಶ್ರೀನಿವಾಸಪುರದ ಆಡುಮಾತು ಬೇರೇನೋ ಪದವಾಗುತ್ತದೆ. ಹೇಳಿದ ದಿನವೇ ತಿದ್ದದಿದ್ದರೆ ವಾರದ ಮೇಲೆ ನೀವೇ ಗುರುತು ಹಿಡಿಯಲಾರಿರಿ.

ಪ್ರಶ್ನೆ: ಒಬ್ಬ ಪ್ರಕಾಶಕರು, ‘ಹಣ ನೀವು ಹಾಕಿ, ನಾವು ಪ್ರಕಟಿಸುತ್ತೇವೆ’ ಎನ್ನುತ್ತಿದ್ದಾರೆ. ನಾನೇ ಅಚ್ಚು ಹಾಕಿಸಿದರೆ ಹೇಗೆ? ಪಿಂಚಣಿ ಹಣ, ನೋಡಿ ಖರ್ಚು ಮಾಡಬೇಕು.
– ನಿವೃತ್ತ ಬ್ಯಾಂಕ್ ನೌಕರರು, ಬಂಗಾರಪೇಟೆ

ಉತ್ತರ: ಹಣ ಹಾಕುವವರು ನೀವಾದರೆ ಪುಸ್ತಕವೂ ಹಕ್ಕೂ ನಿಮ್ಮವಾಗಿರಬೇಕು. ಕೊಡುವ ಮೊದಲು ಬರವಣಿಗೆಯಲ್ಲಿ ಕೇಳಿ: ಎಷ್ಟು ಪ್ರತಿ ಅಚ್ಚಾಗುತ್ತದೆ, ನನಗೆಷ್ಟು, ಮಾರಿದ್ದರಲ್ಲಿ ನನ್ನ ಪಾಲೆಷ್ಟು, ಉಳಿದ ಪ್ರತಿ ಯಾರದು, ಮುದ್ರಣಾಲಯದ ಬಿಲ್ಲಿನ ನಕಲು ಕೊಡುತ್ತೀರಾ, ವಿನ್ಯಾಸದ ಮೂಲ ಕಡತ ಕೊಡುತ್ತೀರಾ. ಎರಡನೆಯ ಮುದ್ರಣಕ್ಕೆ ಹೊರಟಾಗ ಮೂಲ ಕಡತ ಕೈಯಲ್ಲಿಲ್ಲದೆ ಮತ್ತೆ ಮೊದಲಿನಿಂದ ಡಿಟಿಪಿ ಮಾಡಿಸುವ ಪಾಡು ಯಾರಿಗೂ ಬೇಡ. ಇದಕ್ಕೆಲ್ಲ ಉತ್ತರ ಬಾರದಿದ್ದರೆ ದೂರ ಇರಿ.

ಪ್ರಕಾಶಕರೇ ಬಂಡವಾಳ ಹಾಕಿದರೆ ಮುದ್ರಿತ ಬೆಲೆಯ ಮೇಲೆ ಶೇ 10 ಗೌರವಧನ ರೂಢಿ. ಆಗಲೂ ಒಪ್ಪಂದ ಬರೆಸಿ. ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು. ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಎಂದೂ ಕಾಯ್ದೆ ತಿಳಿಯುತ್ತದೆ. ಬೇರೆ ಮಾತು ಬರೆದಿಲ್ಲದಿದ್ದರೆ, ಕೊಟ್ಟ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದಲ್ಲಿ ಅದು ಬಿದ್ದುಹೋಗುತ್ತದೆ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಸಾಲಿಗೆ ಸಹಿ ಹಾಕಬೇಡಿ. ಮುದ್ರಣ, ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಇವನ್ನು ಬಿಡಿಬಿಡಿಯಾಗಿ ಹೆಸರಿಸಿ.

ಸ್ವಂತ ಅಚ್ಚಿನ ಲೆಕ್ಕಕ್ಕೆ ಬರೋಣ. ಡೆಮಿ 1/8 (ಕಾದಂಬರಿಗಳ ಸಾಮಾನ್ಯ ಗಾತ್ರ) ಅಳತೆಯಲ್ಲಿ 13 ಪಾಯಿಂಟ್ ಅಕ್ಷರ, 18 ಪಾಯಿಂಟ್ ಸಾಲಿನ ಅಂತರ ಇಟ್ಟರೆ ಪುಟಕ್ಕೆ ಸುಮಾರು 230 ಪದ ಹಿಡಿಯುತ್ತದೆ. ಒತ್ತಕ್ಷರಗಳು ಕೆಳಸಾಲಿಗೆ ತಾಗದಿರಲು ಅಷ್ಟು ಅಂತರ ಬೇಕು. 45,000 ಪದದ ಕಾದಂಬರಿ 196 ಪುಟ, ಮುನ್ನುಡಿ ಇತ್ಯಾದಿ 12, ಒಟ್ಟು 208. ಒಂದು ಫಾರಂ ಎಂದರೆ 16 ಪುಟ, 208ಕ್ಕೆ ಸರಿಯಾಗಿ 13 ಫಾರಂ. 211 ಪುಟಕ್ಕೆ ಹೋಯಿತೋ, ಮೂರು ಪುಟಕ್ಕಾಗಿ ಹದಿನಾಲ್ಕನೆಯ ಫಾರಮಿಗೋ ಅರ್ಧ ಫಾರಮಿಗೋ ಹಣ ತೆರಬೇಕು. ಅದಕ್ಕಿಂತ ಮೂರು ಪುಟ ಕಡಿಮೆ ಮಾಡುವುದು ಲೇಸು, ಮೊದಲ ಕಾದಂಬರಿಯಲ್ಲಿ ಅಷ್ಟು ಸಿಕ್ಕೇ ಸಿಗುತ್ತದೆ. ಕಾಗದವನ್ನು ಜಿಎಸ್‌ಎಂನಲ್ಲಿ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು, ಅಳೆಯುತ್ತಾರೆ. ಒಳಗೆ 70 ಜಿಎಸ್‌ಎಂ ಮ್ಯಾಪ್‌ಲಿಥೋ, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್ ಸಾಕು. ಬರಿ ಅಂಟು ಹಾಕಿದ ಬೈಂಡಿಂಗ್ ಬೇಸಿಗೆಗೆ ಬಿಟ್ಟು ಹಾಳೆ ಉದುರಬಹುದು, ಫಾರಂ ಹೊಲಿಸಿ ಅಂಟಿಸುವುದಕ್ಕೆ ಸ್ವಲ್ಪ ಹೆಚ್ಚು ಕೊಡಿ. 208 ಪುಟದ ಬೆನ್ನು ಸುಮಾರು 9–10 ಮಿಲಿಮೀಟರ್ ಬರುತ್ತದೆ. ಪುಟಸಂಖ್ಯೆ ಖಚಿತವಾಗುವವರೆಗೆ ರಕ್ಷಾಪುಟ ಅಂತಿಮಗೊಳಿಸಬೇಡಿ, ಬೆನ್ನಿನ ಹೆಸರು ಪಕ್ಕಕ್ಕೆ ಜಾರುತ್ತದೆ.

ಆಫ್‌ಸೆಟ್‌ನಲ್ಲಿ ಅಚ್ಚಿಗಾಗಿ ಮಾಡಿಸುವ ಪ್ಲೇಟಿನ ಖರ್ಚು 100 ಪ್ರತಿಗೂ ಅಷ್ಟೇ, 1,000ಕ್ಕೂ ಅಷ್ಟೇ. ಹಾಗಾಗಿ ಮುದ್ರಕರು 1,000 ಮಾಡಿಸಿ, ಪ್ರತಿಯ ದರ ಇಳಿಯುತ್ತದೆ ಎನ್ನುತ್ತಾರೆ. ದರ ಇಳಿಯುವುದು ನಿಜ, 700 ಪ್ರತಿ ಮಂಚದ ಕೆಳಗೆ ಉಳಿಯುವುದೂ ನಿಜ. ಮೊದಲ ಪುಸ್ತಕಕ್ಕೆ 300 ಪ್ರತಿ ನಮ್ಮ ಸಲಹೆ. 100–200 ಸಾಕೆಂದರೆ ಡಿಜಿಟಲ್ ಮುದ್ರಣ. 300 ಮತ್ತು 500 ಪ್ರತಿಗೆ ಮೂರು ಕಡೆ ಲಿಖಿತ ದರ ತರಿಸಿ, ಕಾಗದ, ಹೊಲಿಗೆ, ಲ್ಯಾಮಿನೇಷನ್, ಸಾಗಾಟ ಸೇರಿದೆಯೇ ನೋಡಿ.

ಬೆಲೆ ಇಡುವಾಗ ಅಂಗಡಿಯವರ ಕಮಿಷನ್ ಮರೆಯಬೇಡಿ. ಪ್ರತಿಗೆ ಡಿಟಿಪಿಯಿಂದ ಹಿಡಿದು ಎಲ್ಲ ಸೇರಿ 90 ರೂಪಾಯಿ ಬಿತ್ತೆನ್ನಿ. ಬೆಲೆ 150 ಇಟ್ಟು ಶೇ 40 ಬಿಟ್ಟರೆ ಕೈಗೆ 90, ಅಂಚೆಗೂ ಗೌರವ ಪ್ರತಿಗೂ ಏನೂ ಉಳಿಯಲಿಲ್ಲ. 230–250 ಇಡಬೇಕಾಗುತ್ತದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಬಿಡುಗಡೆ ಸಮಾರಂಭದ ಶಾಮಿಯಾನ, ಊಟ, ಹಾರದ ಖರ್ಚನ್ನು ಪುಸ್ತಕದ ಲೆಕ್ಕಕ್ಕೆ ಸೇರಿಸಬೇಡಿ. ಆ ಹಣದಲ್ಲಿ ಒಳ್ಳೆಯ ಪ್ರೂಫ್ ರೀಡರ್ ಸಿಗುತ್ತಾರೆ, ಮೊದಲು ಅವರಿಗೆ ಕೊಡಿ.

ಐಎಸ್‌ಬಿಎನ್‌ಗೆ ಮಧ್ಯವರ್ತಿ ಬೇಡ. ಪುಸ್ತಕದ ಈ ಅಂತರರಾಷ್ಟ್ರೀಯ ಗುರುತು ಸಂಖ್ಯೆಯನ್ನು ಕೊಡುವುದು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ, ಆನ್‌ಲೈನ್‌ನಲ್ಲಿ ಲೇಖಕರೇ ಅರ್ಜಿ ಹಾಕಬಹುದು, ಉಚಿತ. ಗುರುತಿನ ಚೀಟಿ, ಶೀರ್ಷಿಕೆ ಪುಟ, ರಕ್ಷಾಪುಟ ಸಿದ್ಧವಿರಲಿ. ಕೆಲವು ವಾರ ಹಿಡಿಯಬಹುದು, ಆದ್ದರಿಂದ ಎರಡನೆಯ ಪ್ರೂಫಿನ ಹೊತ್ತಿಗೇ ಹಾಕಿಬಿಡಿ.

ಪ್ರಶ್ನೆ: ಅಚ್ಚಾಗಿದೆ, 300 ಪ್ರತಿ ಮನೆಗೆ ಬಂದಿವೆ. ಈಗ ಯಾರಿಗೆ, ಹೇಗೆ ಮುಟ್ಟಿಸಲಿ? ಬಹುಮಾನಗಳಿಗೆ ವಯಸ್ಸಿನ ಅಡ್ಡಿ ಇದೆಯೇ?
– ಬೇತಮಂಗಲ

ಉತ್ತರ: ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಪ್ರೋತ್ಸಾಹಧನ ಯುವ ಬರಹಗಾರರಿಗೆಂದು ಇರುವುದು, ಅದು ನಿಮಗೆ ಸಲ್ಲದು. ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ಲೇಖಕರ ಮೊದಲ ಸ್ವತಂತ್ರ ಕೃತಿಗೆ ಮಧುರಚೆನ್ನ ದತ್ತಿನಿಧಿ ಬಹುಮಾನವೂ ಕಾದಂಬರಿಗೆ ಚದುರಂಗ ದತ್ತಿನಿಧಿ ಬಹುಮಾನವೂ ಇವೆ. ಪರಿಗಣನೆ ಪ್ರಕಟವಾದ ವರ್ಷದ ಮೇಲೆ ನಡೆಯುತ್ತದೆ. ಆದ್ದರಿಂದ ಡಿಸೆಂಬರ್ ಕೊನೆಗೆ ಅಚ್ಚಿಗೆ ಹೋಗುವವರು ಒಂದು ತಿಂಗಳು ತಡೆದು ಜನವರಿಯಲ್ಲಿ ಮಾಡಿಸುವುದು ಜಾಣತನ. ಸಾಹಿತ್ಯ ಪರಿಷತ್ತಿನ ದತ್ತಿ ಬಹುಮಾನಗಳ ಪ್ರಕಟಣೆಯನ್ನೂ ಗಮನಿಸುತ್ತಿರಿ.

ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಿ. ಅದಕ್ಕೆ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಪುಸ್ತಕ ನೋಂದಾಯಿಸಿ ರಸೀದಿ ಇಟ್ಟುಕೊಂಡಿರಬೇಕು. ಇಲಾಖೆ ಬೆಲೆ ಕಟ್ಟುವುದು ಪುಟದ ದರದಲ್ಲಿ, ನಿಮ್ಮ ಮುದ್ರಿತ ಬೆಲೆಯಲ್ಲಿ ಅಲ್ಲ. ಆಯ್ಕೆಯಾಗುವುದೂ ಹಣ ಬರುವುದೂ ನಿಧಾನ, ಅದನ್ನು ನಂಬಿ ಸಾಲ ಮಾಡಬೇಡಿ.

ಉಳಿದ ಪ್ರತಿಗಳ ಹಂಚಿಕೆ ಹೀಗಿರಲಿ: 30 ವಿಮರ್ಶೆಗೆ ಮತ್ತು ಪತ್ರಿಕೆಗಳಿಗೆ, 20 ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳಿಗೆ, 150 ನೇರ ಮಾರಾಟಕ್ಕೆ, ಮಿಕ್ಕದ್ದು ಅಂಗಡಿ ಮತ್ತು ಬಹುಮಾನದ ಅರ್ಜಿಗಳಿಗೆ. ಗೌರವ ಪ್ರತಿ ಎಂದು ನೆಂಟರಿಗೆಲ್ಲ ಕೊಟ್ಟುಬಿಡುವ ಮನಸ್ಸನ್ನು ತಡೆಯಿರಿ, ಕೊಂಡವರು ಓದುವ ಸಂಭವ ಹೆಚ್ಚು. ಕೆರೆ ಬಳಕೆದಾರರ ಸಂಘ, ಹಾಲಿನ ಡೇರಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಇಂಥ ಕಡೆ ಒಂದು ಅಧ್ಯಾಯ ಗಟ್ಟಿಯಾಗಿ ಓದಿ ಚರ್ಚೆಗೆ ಕೂರಿಸಿ. ಆದರ್ಶ ಊರಿನ ಪುಸ್ತಕಕ್ಕೆ ಅದಕ್ಕಿಂತ ಸರಿಯಾದ ಓದುಗರಿಲ್ಲ. ನಿಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ಅವರೇ ಹಿಡಿಯುತ್ತಾರೆ, ಎರಡನೆಯ ಮುದ್ರಣಕ್ಕೆ ಅದನ್ನು ಬರೆದಿಟ್ಟುಕೊಳ್ಳಿ.

ಪ್ರತಿಯೊಂದು ಸುಮಾರು 240 ಗ್ರಾಂ ತೂಗುತ್ತದೆ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗೆಂದೇ ‘ಜ್ಞಾನ್ ಪೋಸ್ಟ್’ ತೆರೆದಿದೆ, 5 ಕಿಲೋವರೆಗೆ ಕಳಿಸಬಹುದು. ಜಾಹೀರಾತು ಇರಬಾರದು, ಪ್ರಕಾಶಕರ ಅಥವಾ ಮುದ್ರಕರ ಹೆಸರು ಅಚ್ಚಾಗಿರಬೇಕು. ನಿಮ್ಮ ಪುಸ್ತಕ ಅದರಲ್ಲಿ ಹೋಗುತ್ತದೆಯೇ ಎಂದು ಕೌಂಟರಿನಲ್ಲಿ ಒಂದು ಪ್ರತಿ ತೋರಿಸಿ ಕೇಳಿಕೊಂಡು, ಆಮೇಲೆ ಕವರ್‌ಗಳನ್ನು ಕಟ್ಟಿ.

ಕಾನೂನಿನಂತೆ ಮಾಡಲೇಬೇಕಾದ ಕೆಲಸವೊಂದು ಬಾಕಿ ಇದೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಪ್ರಕಾಶಕರು, ಅಂದರೆ ಸ್ವಂತ ಅಚ್ಚಾದರೆ ನೀವೇ, ಸ್ವಂತ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನಿಮರಾ ಗ್ರಂಥಾಲಯಕ್ಕೆ, ಮುಂಬೈ ಕೇಂದ್ರ ಗ್ರಂಥಾಲಯಕ್ಕೆ, ದೆಹಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ಕಳಿಸಬೇಕು. ಬೇತಮಂಗಲದ ಕಥೆಯನ್ನು ನೂರು ವರ್ಷದ ಮೇಲೆ ಯಾರಾದರೂ ಹುಡುಕಿದರೆ ಈ ನಾಲ್ಕು ಕಡೆ ಸಿಗಬೇಕು. ನಾಲ್ಕು ಪ್ರತಿಗಳನ್ನು ಇವತ್ತೇ ಬೇರೆ ತೆಗೆದಿಡಿ.